ಪಿಕಪ್‌ನಲ್ಲಿ ಸೈಕಲ್ಲು ಸಾಗಿಸುವ ಬಗೆ

ಬೇಸಗೆಯ ರಜೆ ಬಂತೆಂದರೆ ಮುಂಬಯಿ, ಪುಣೆಗಳ ನಮ್ಮವರ ಹೋಟೆಲುಗಳ ಎದುರು ರಾತ್ರಿಯ ಹೊತ್ತು ಪಿಕಪ್ ಗಾಡಿಗಳು ನಿಲ್ಲತೊಡಗುತ್ತವೆ. ಊರಿನ ಮನೆಗೆಂದು ಕೊಂಡ ಕಪಾಟು, ಹಳೆಯ ಗ್ರೈಂಡರು, ಹಾಸಿಗೆಯ ಸುರುಳಿ, ಇವುಗಳ ಜೊತೆಗೆ ಎರಡು ಮೂರು ಸೈಕಲ್ಲುಗಳು ಇದ್ದೇ ಇರುತ್ತವೆ. ಯಜಮಾನರ ಮಕ್ಕಳು ಬೆಳೆದು ಬಿಟ್ಟುಕೊಟ್ಟದ್ದೊಂದು, ಗುಮಾಸ್ತರೊಬ್ಬರು ತಂಗಿಯ ಮಗನಿಗಾಗಿ ಕಂತಿನಲ್ಲಿ ಕೊಂಡದ್ದೊಂದು, ಅಡುಗೆ ಭಟ್ಟರು ತಮ್ಮ ಮಗಳು ಹೈಸ್ಕೂಲಿಗೆ ಹೋಗಲೆಂದು ತೆಗೆದಿಟ್ಟದ್ದೊಂದು. ಕಪಾಟನ್ನು ಜೋಪಾನವಾಗಿ ಕಟ್ಟುತ್ತೇವೆ. ಸೈಕಲ್ಲನ್ನು ಮಾತ್ರ ಕೊನೆಯಲ್ಲಿ ಎತ್ತಿ ಮೇಲೆ ಎಸೆಯುತ್ತೇವೆ. ಈ ಅಸಡ್ಡೆಯ ಬೆಲೆ ಎಷ್ಟೆಂಬುದನ್ನು ನಾವು ಸ್ವತಃ ಕಂಡಿರುವುದರಿಂದ, ಈ ಸಣ್ಣ ವಿಷಯದ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿತು.

ನಾವು ಹೋಟೆಲಿನ ಗಲ್ಲಾದ ಮುಂದೆ ಕುಳಿತಿದ್ದ ಕಾಲದ ಮಾತು. 2011ರ ಮೇ ತಿಂಗಳಲ್ಲಿ ಊರಿಗೆ ಒಂದು ಪಿಕಪ್ ಹೊರಡಿಸಿದೆವು. ಅದರಲ್ಲಿ ಐದು ಸೈಕಲ್ಲುಗಳಿದ್ದುವು. ಕಟ್ಟಲು ಹಗ್ಗ ಸಾಲಲಿಲ್ಲ. ತರಿಸುವಷ್ಟು ತಾಳ್ಮೆಯೂ ನಮಗಿರಲಿಲ್ಲ. ರಜೆಯಲ್ಲಿ ಊರಿಗೆ ಹೊರಟಿದ್ದ ನಮ್ಮ ಮಾಣಿಯೊಬ್ಬನಿಗೆ, "ನೀನು ಹಿಂದೆ ಕೂತು ಸೈಕಲ್ಲು ಹಿಡಿದುಕೋ ಮಾರಾಯ, ಬಸ್ಸಿನ ದುಡ್ಡೂ ಉಳಿಯಿತು" ಎಂದು ಹೇಳಿ ಕಳುಹಿಸಿದೆವು. ರತ್ನಾಗಿರಿ ಜಿಲ್ಲೆಯ ಒಂದು ಇಳಿಜಾರಿನಲ್ಲಿ ನಡುರಾತ್ರಿ ದನ ಅಡ್ಡ ಬಂದು ಚಾಲಕನು ಬ್ರೇಕು ಒತ್ತಿದನು. ಐದೂ ಸೈಕಲ್ಲುಗಳು ಒಮ್ಮೆಲೇ ಮುಂದಕ್ಕೆ ಜಾರಿದುವು. ಹುಡುಗನ ಬಲಗೈ ಹ್ಯಾಂಡಲಿಗೂ ಗಾಡಿಯ ಕಬ್ಬಿಣದ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡಿತು. ಆಸ್ಪತ್ರೆಗೆ ಸೇರಿಸಿದ ಸುದ್ದಿ ತಿಳಿದು ನಾವು ಫೋನು ಮಾಡಿದಾಗ ಅವನು ಮೊದಲು ಕೇಳಿದ್ದು, "ಧಣಿ, ಸೈಕಲಿಗೆ ಎಂತ ಆಗ್ಲಿಲ್ಲ ಅಲ್ವಾ?" ಎಂದು. ಸೈಕಲ್ಲುಗಳಿಗೆ ಏನೂ ಆಗಿರಲಿಲ್ಲ. ಅವನ ಎರಡು ಬೆರಳುಗಳು ಮತ್ತೆ ಸರಿಯಾಗಿ ಮಡಚಲಿಲ್ಲ. ಒಂದೇ ಕೈಯಲ್ಲಿ ನಾಲ್ಕು ಕಾಫಿಯ ಲೋಟ ತರುತ್ತಿದ್ದ ಹುಡುಗ ಅವನು. ಚಿಕಿತ್ಸೆಯ ಖರ್ಚನ್ನು ನಾವು ಕೊಟ್ಟೆವು. ಬೆರಳನ್ನು ಕೊಡಲು ನಮ್ಮಿಂದಾಗಲಿಲ್ಲ. ತಪ್ಪು ಚಾಲಕನದಲ್ಲ, ದನದ್ದೂ ಅಲ್ಲ. ಹಗ್ಗದ ಕೆಲಸವನ್ನು ಮನುಷ್ಯನಿಗೆ ಹೇಳಿದ ನಮ್ಮದು.

ಆದುದರಿಂದ ಪಿಕಪ್‌ನಲ್ಲಿ ಸೈಕಲ್ಲು ಒಯ್ಯುವವರು ಮೊದಲು ಮೂರು ಲೆಕ್ಕ ಹಾಕಬೇಕು: ಸೈಕಲ್ಲುಗಳು ಎಷ್ಟು, ಜೊತೆಗಿರುವ ಸಾಮಾನು ಯಾವುದು, ದಾರಿ ಎಷ್ಟು ದೂರದ್ದು. ಒಂದೇ ಒಂದು ಸೈಕಲ್ಲಿದ್ದರೆ ಪಿಕಪ್ಪಿನ ಗೊಡವೆಯೇ ಬೇಡ. ರೈಲ್ವೆಯ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿದರೆ, 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗದಲ್ಲಿ ಅದು ಕರಾವಳಿಗೆ ಬಂದು ಮುಟ್ಟುತ್ತದೆ. ಮೂರು, ನಾಲ್ಕು ಸೈಕಲ್ಲುಗಳಿದ್ದು ಇತರ ಸಾಮಾನೂ ಇದ್ದರೆ ಮಾತ್ರ ಪಿಕಪ್ ಮೇಲು.

ಇನ್ನು ಇಡುವ ಬಗೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಒಂದರ ಮೇಲೊಂದು ಮಲಗಿಸುವ ಕ್ರಮ. ಹಗ್ಗ ಕಡಿಮೆ ಸಾಕು, ಹೊತ್ತೂ ಹಿಡಿಯದು. ಆದರೆ ಮೇಲಿನ ಸೈಕಲ್ಲಿನ ಪೆಡಲು ಕೆಳಗಿನದರ ಚಕ್ರದ ಕಡ್ಡಿಗಳ ನಡುವೆ ಹೊಕ್ಕು, ಗಾಡಿ ಕುಲುಕಿದಂತೆಲ್ಲ ಕಡ್ಡಿಗಳನ್ನು ಬಗ್ಗಿಸುತ್ತದೆ. ಗೇರಿನ ಸೈಕಲ್ಲುಗಳಲ್ಲಿ ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಸಲಕರಣೆ ಹಿಂದಿನ ಚಕ್ರದ ಬಲಬದಿಗಿರುತ್ತದೆ. ಬಲಮಗ್ಗುಲಾಗಿ ಮಲಗಿಸಿದರೆ ಮೊದಲು ಬಾಗುವುದು ಅದೇ. ಅನಿವಾರ್ಯವಾಗಿ ಮಲಗಿಸಲೇಬೇಕಾದರೆ ಎಡಬದಿ ಕೆಳಗಿರಲಿ, ಅಡಿಗೆ ಹಳೆಯ ಹಾಸಿಗೆಯಿರಲಿ, ಮೇಲೆ ಬೇರೇನನ್ನೂ ಹೇರಬಾರದು.

ಎರಡನೆಯದು ಸೀಟು ಮತ್ತು ಹ್ಯಾಂಡಲಿನ ಮೇಲೆ ತಲೆಕೆಳಗಾಗಿ ನಿಲ್ಲಿಸುವುದು. ಪಂಕ್ಚರ್ ಅಂಗಡಿಯಲ್ಲಿ ಇದು ಸರಿ, ಓಡುವ ಗಾಡಿಯಲ್ಲಿ ಸರಿಯಲ್ಲ. ಹಾಲಿನವರೂ ಪತ್ರಿಕೆ ಹಂಚುವವರೂ ಬಳಸುವ ಕಪ್ಪು ಸೈಕಲ್ಲಿಗೆ ತಂತಿಯ ಬದಲು ಸರಳಿನ ಬ್ರೇಕು ಇರುವುದುಂಟು. ಭಾರವೆಲ್ಲ ಹ್ಯಾಂಡಲಿನ ಮೇಲೆ ಬಿದ್ದು ಆ ಸರಳು ಬಾಗಿದರೆ ಬ್ರೇಕು ಹಿಡಿಯುವುದಿಲ್ಲ.

ಮೂರನೆಯದು ಅಮೆರಿಕದಲ್ಲಿ ಬಹಳ ರೂಢಿಯಲ್ಲಿರುವ ಕ್ರಮ. ಅಲ್ಲಿ ಪಿಕಪ್ಪಿನ ಹಿಂಬದಿಯ ಬಾಗಿಲಿಗೆ ದಪ್ಪ ಮೆತ್ತೆಯೊಂದನ್ನು ತೊಡಿಸಿ, ಸೈಕಲ್ಲಿನ ಮುಂಗಾಲಿಯನ್ನು ಬಾಗಿಲಿನಾಚೆಗೆ ಇಳಿಬಿಟ್ಟು, ಚೌಕಟ್ಟಿನ ಕೆಳಕೊಳವೆಯನ್ನು ಮೆತ್ತೆಯ ಮೇಲೆ ಒರಗಿಸಿ ಪಟ್ಟಿಯಿಂದ ಬಿಗಿಯುತ್ತಾರೆ. ಒಬ್ಬನೇ ಮನುಷ್ಯ ಕೆಲವೇ ನಿಮಿಷಗಳಲ್ಲಿ ನಾಲ್ಕೈದು ಸೈಕಲ್ಲು ಏರಿಸಬಹುದು. ಆದರೆ ಅಲ್ಲಿನ ಗಾಡಿಯ ಹಿಂಬಾಗಿಲು ಎತ್ತರದ್ದು. ನಮ್ಮ ಸಾಮಾನಿನ ಪಿಕಪ್ಪುಗಳ ಬಾಗಿಲು ಗಿಡ್ಡ. ಸೈಕಲ್ಲಿನ ಚೌಕಟ್ಟು ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಮೇಲಾಗಿ ಚಕ್ರ ಗಾಡಿಯ ಹೊರಕ್ಕೆ ಚಾಚುವುದರಿಂದ ಮುಂದೆ ಹೇಳಲಿರುವ ಕಾನೂನಿನ ತೊಡಕೂ ಇದೆ.

ನಾಲ್ಕನೆಯದು ಮುಂಗಾಲಿ ಬಿಚ್ಚಿ, ಫೋರ್ಕನ್ನು ಅಡ್ಡಪಟ್ಟಿಗೆ ಕಚ್ಚಿಸುವ ಕ್ರಮ. ಸೈಕಲ್ಲು ಅಲುಗದೆ ನಿಲ್ಲುತ್ತದೆ. ದುಬಾರಿ ಸೈಕಲ್ಲಿನ ಸ್ಪರ್ಧಾಳುಗಳಿಗೆ ಇದು ಉತ್ತಮ. ಅದಕ್ಕೆ ತಕ್ಕ ಹಿಡಿಕೆಯನ್ನು ಕೊಂಡು ಗಾಡಿಗೆ ಬೋಲ್ಟು ಹಾಕಬೇಕು. ಬಾಡಿಗೆಯ ಗಾಡಿಗೆ ಒಂದು ರಾತ್ರಿಯ ಮಟ್ಟಿಗೆ ಇದು ಆಗುವ ಮಾತಲ್ಲ. ಎಣ್ಣೆಯ ಒತ್ತಡದಿಂದ ನಡೆಯುವ ಡಿಸ್ಕ್ ಬ್ರೇಕಿನ ಸೈಕಲ್ಲಿಗೆ ಇನ್ನೊಂದು ಎಚ್ಚರ ಬೇಕು: ಚಕ್ರ ಬಿಚ್ಚಿರುವಾಗ ಬ್ರೇಕು ಒತ್ತಿದರೆ ಅದರ ಬಿಲ್ಲೆಗಳು ಹತ್ತಿರ ಬಂದು ಕಚ್ಚಿಕೊಳ್ಳುತ್ತವೆ, ಮತ್ತೆ ಚಕ್ರ ಒಳಹೋಗುವುದಿಲ್ಲ. ನಡುವೆ ಮಡಚಿದ ರಟ್ಟಿನ ತುಂಡು ಇಟ್ಟರೆ ಈ ಕಷ್ಟವಿಲ್ಲ.

ಇವೆಲ್ಲವನ್ನೂ ತೂಗಿ ನೋಡಿ ನಾವು ಒಪ್ಪಿಕೊಂಡಿರುವುದು ನಿಲ್ಲಿಸಿ ಕಟ್ಟುವ ಕ್ರಮವನ್ನು. ಚಿಕ್ಕ ಪಿಕಪ್ಪಿನ ಹಾಸು ಸುಮಾರು 7 ಅಡಿ ಉದ್ದ, ದೊಡ್ಡದರದು ಸುಮಾರು 9 ಅಡಿ. ದೊಡ್ಡವರ ಸೈಕಲ್ಲು ಸುಮಾರು 6 ಅಡಿ. ಆದುದರಿಂದ ಸೈಕಲ್ಲು ಉದ್ದಕ್ಕೆ ಒಳಗೇ ನಿಲ್ಲುತ್ತದೆ. ಮೊದಲನೆಯದರ ಮುಖ ಚಾಲಕನ ಕಡೆಗಿದ್ದರೆ ಎರಡನೆಯದರ ಮುಖ ಹಿಂದಕ್ಕಿರಲಿ, ಮೂರನೆಯದು ಮತ್ತೆ ಮುಂದಕ್ಕೆ. ಹೀಗೆ ಅದಲುಬದಲಾಗಿ ನಿಲ್ಲಿಸಿದರೆ ಹ್ಯಾಂಡಲಿಗೆ ಹ್ಯಾಂಡಲು ತಗಲದು, ಜಾಗವೂ ಉಳಿಯುತ್ತದೆ. ಎರಡು ಸೈಕಲ್ಲುಗಳ ನಡುವೆ ಅಕ್ಕಿಯ ಗೋಣಿಚೀಲವನ್ನು ಎರಡು ಮಡಿಕೆ ಮಾಡಿ ತೂಗುಬಿಡಿ. ತೀರ ಒತ್ತಾದರೆ ಒಳಬದಿಯ ಪೆಡಲುಗಳನ್ನು ಬಿಚ್ಚಬಹುದು. ಬಲದ ಪೆಡಲು ಎಂದಿನಂತೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಎಡದ ಪೆಡಲಿನ ಮರೆ ತಿರುಗುಮುರುಗಾಗಿರುವುದರಿಂದ ಅದನ್ನು ಬಲಕ್ಕೆ ತಿರುಗಿಸಬೇಕು. ಇದನ್ನರಿಯದೆ ಪಾನ ಹಾಕಿ ಬಲಪ್ರಯೋಗ ಮಾಡಿ ಮರೆಯನ್ನೇ ಕೆಡಿಸಿದವರುಂಟು.

ಕಟ್ಟುವಾಗ ಹಗ್ಗವು ಚೌಕಟ್ಟಿನ ಕೊಳವೆಗಳನ್ನು ಹಿಡಿಯಬೇಕು, ಚಕ್ರದ ಕಡ್ಡಿಗಳನ್ನೂ ಬ್ರೇಕಿನ ತಂತಿಯನ್ನೂ ಅಲ್ಲ. ಹ್ಯಾಂಡಲಿನ ಬುಡದ ಬಳಿ ಒಂದು ಕಟ್ಟು, ಸೀಟಿನ ಕೆಳಗೆ ಒಂದು ಕಟ್ಟು, ಎರಡೂ ಗಾಡಿಯ ಇಕ್ಕೆಲದ ಕೊಕ್ಕೆಗಳಿಗೆ ಹೋಗಿ ಬಿಗಿಯಾಗಲಿ. ಸಾಧ್ಯವಾದರೆ ಗಾಡಿಯ ಅಗಲಕ್ಕೆ ಬಿದಿರಿನ ಗಳುವೊಂದನ್ನು ಅಡ್ಡ ಕಟ್ಟಿ, ಪ್ರತಿಯೊಂದು ಸೈಕಲ್ಲಿನ ಸೀಟಿನ ಕೊಳವೆಯನ್ನು ಅದಕ್ಕೆ ಬಿಗಿಯಿರಿ. ಪಂಕ್ಚರ್ ಅಂಗಡಿಯಲ್ಲಿ ಎಸೆಯುವ ಹಳೆಯ ಟ್ಯೂಬನ್ನು ಪಟ್ಟಿಯಾಗಿ ಸೀಳಿ ಹಗ್ಗದಡಿ ಸುತ್ತಿದರೆ ಬಣ್ಣ ಕೆರೆಯುವುದಿಲ್ಲ, ಕಟ್ಟೂ ಜಾರುವುದಿಲ್ಲ. ಆದರೆ ಹಿಗ್ಗುವ ಆ ರಬ್ಬರನ್ನೇ ಮುಖ್ಯ ಕಟ್ಟಾಗಿ ನಂಬಬಾರದು. ಕಪಾಟು, ಗ್ರೈಂಡರಿನಂಥ ಭಾರದ ಸಾಮಾನು ಚಾಲಕನ ಕೋಣೆಗೆ ಒತ್ತಿ ಮೊದಲು ಕೂತು, ಅದರದೇ ಹಗ್ಗದಿಂದ ಕಟ್ಟಲ್ಪಟ್ಟಿರಬೇಕು. ಅದು ಸೈಕಲ್ಲಿಗೆ ಒರಗಕೂಡದು.

ಕಾನೂನಿನ ಮಾತು ಹೇಳುತ್ತೇವೆಂದಿದ್ದೆವು. 2019ರಲ್ಲಿ ಮೋಟಾರು ವಾಹನಗಳ ಕಾಯಿದೆಗೆ ಆದ ತಿದ್ದುಪಡಿಯ ಪ್ರಕಾರ, ಸಾಮಾನು ಗಾಡಿಯ ಮೈಯಿಂದ ಪಕ್ಕಕ್ಕೋ ಮುಂದಕ್ಕೋ ಹಿಂದಕ್ಕೋ, ಅಥವಾ ಎತ್ತರದಲ್ಲಿ ಮಿತಿ ಮೀರಿಯೋ ಚಾಚಿಕೊಂಡಿದ್ದರೆ 20,000 ರೂಪಾಯಿ ದಂಡ. ಚಾಚಿದ ಸಾಮಾನನ್ನು ಇಳಿಸುವ ಖರ್ಚು ಬೇರೆ. ನಾಲ್ಕು ಹಳೆಯ ಸೈಕಲ್ಲುಗಳ ಬೆಲೆ ಅಷ್ಟಾಗದು. ನಂಬರು ಫಲಕವೂ ಹಿಂದಿನ ಕೆಂಪು ದೀಪವೂ ಚಕ್ರದಿಂದಲೋ ತಾಡಪತ್ರಿಯಿಂದಲೋ ಮುಚ್ಚಿಹೋಗಬಾರದು. ಸಾಮಾನಿನ ಗಾಡಿಯ ಹಿಂಬದಿಯಲ್ಲಿ ಜನರನ್ನು ಕೂರಿಸುವಂತೆಯೂ ಇಲ್ಲ. ಅಲ್ಲಿ ಕುಳಿತವನಿಗೆ ಅಪಘಾತವಾದರೆ ವಿಮೆಯ ಹಣಕ್ಕಾಗಿ ಮನೆಯವರು ಕೋರ್ಟಿನ ಮೆಟ್ಟಿಲು ಸವೆಸಬೇಕಾದೀತು.

ಮುಂಬಯಿಯಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 900 ಕಿಲೋಮೀಟರು. ಕೆಲವರು ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗಳ ಮೇಲೆ ಬಂದು ಯಲ್ಲಾಪುರದಾಚೆಗೆ ಅರಬೈಲು ಘಾಟಿ ಇಳಿದು ಅಂಕೋಲೆ ಸೇರುತ್ತಾರೆ. ಯಾವ ದಾರಿಯಾದರೂ ಹೊಸ ಹಗ್ಗ ಮೊದಲ ಕುಲುಕಾಟಕ್ಕೇ ಸಡಿಲವಾಗುತ್ತದೆ. ಹೊರಟು 20, 25 ಕಿಲೋಮೀಟರಿನಲ್ಲಿ ಒಮ್ಮೆ ನಿಲ್ಲಿಸಿ ಬಿಗಿಮಾಡಿ. ಅನಂತರ ಚಹಾಕ್ಕೆ ನಿಂತಾಗಲೆಲ್ಲ, ಘಾಟಿ ಇಳಿಯುವ ಮೊದಲಂತೂ ತಪ್ಪದೆ, ಕಟ್ಟುಗಳನ್ನು ಕೈಯಿಂದ ಎಳೆದು ನೋಡಿ. ಊರು ಮುಟ್ಟಿದ ಮೇಲೆ ಮಗುವನ್ನು ಕೂಡಲೇ ಹತ್ತಿಸಬೇಡಿರಿ. ಬಿಚ್ಚಿದ ಪೆಡಲು, ಹ್ಯಾಂಡಲಿನ ಬೋಲ್ಟು, ಎರಡು ಬ್ರೇಕುಗಳು, ಚಕ್ರದ ನಟ್ಟುಗಳು, ಇವನ್ನು ಪರೀಕ್ಷಿಸಿದ ಮೇಲೆಯೇ ಅಂಗಳದಲ್ಲಿ ಒಂದು ಸುತ್ತು ಹಾಕಲಿ.

ಇಷ್ಟಕ್ಕೂ ಬೇಕಾಗುವುದು ಹತ್ತು ಮೊಳದ ನಾಲ್ಕು ಗಟ್ಟಿ ಹಗ್ಗ, ಐದಾರು ಗೋಣಿಚೀಲ, ಒಂದು ಬಿದಿರಿನ ಗಳು ಮತ್ತು ಮುಕ್ಕಾಲು ಗಂಟೆಯ ಹೊತ್ತು. ಯಜಮಾನರುಗಳಲ್ಲಿ ನಮ್ಮ ವಿನಂತಿ ಇಷ್ಟೇ: ನಿಮ್ಮ ಕಾರಿಗೆ ತೋರುವ ಜೋಪಾನವನ್ನು ನಿಮ್ಮ ಭಟ್ಟರ ಮಗಳ ಸೈಕಲ್ಲಿಗೂ ತೋರಿರಿ. ಕಾರ್ಮಿಕ ಬಂಧುಗಳಿಗೂ ಒಂದು ಮಾತಿದೆ. ಯಾರಾದರೂ ನಿಮಗೆ, "ಹಿಂದೆ ಕೂತು ಹಿಡಿದುಕೋ" ಎಂದರೆ, ಹೇಳಿದವರು ಎಷ್ಟೇ ದೊಡ್ಡವರಿರಲಿ, "ಇನ್ನೊಂದು ಹಗ್ಗ ತರಿಸಿ ಧಣಿ, ನಾನು ಬಸ್ಸಿನಲ್ಲಿ ಬರುತ್ತೇನೆ" ಎಂದು ಹೇಳಿರಿ. 2011ರ ಆ ರಾತ್ರಿ ನಮ್ಮ ಮಾಣಿ ಹಾಗೆ ಹೇಳಿದ್ದರೆ ನಮಗೆ ಸಿಟ್ಟು ಬರುತ್ತಿತ್ತು, ನಿಜ. ಆ ಸಿಟ್ಟು ಮರುದಿನಕ್ಕೆ ಇಳಿದುಹೋಗುತ್ತಿತ್ತು.