ಸೂಜಿ ಗೆರೆಯ ಮೇಲೆ, ಕಣ್ಣು ಗೆರೆಯ ಮುಂದೆ

ಘಟ್ಟದ ಕೆಳಗೆ ಹುಟ್ಟಿ ಬೆಳೆದ ನನಗೆ ಚಳಿ ಎಂದರೆ ಏನೆಂದೇ ಗೊತ್ತಿರಲಿಲ್ಲ. ಮದುವೆಯಾಗಿ ಹಿರಿಯೂರಿಗೆ ಬಂದ ಮೊದಲ ಡಿಸೆಂಬರಿನಲ್ಲೇ ಬಯಲುಸೀಮೆಯ ಗಾಳಿ ಅದನ್ನು ಕಲಿಸಿತು. ಉಮ್ಮ ಕಟ್ಟಿಕೊಟ್ಟಿದ್ದ ತೆಳು ಹೊದಿಕೆ ಯಾವ ಮೂಲೆಗೂ ಸಾಲಲಿಲ್ಲ. ಪಕ್ಕದ ಮನೆಯ ಅಜ್ಜಿ ಒಂದು ಕೌದಿ ತಂದು ಕೈಗಿಟ್ಟು, "ಹೊದ್ಕಳವ್ವ, ಐದು ಸೀರೆ ಐತೆ ಇದ್ರಾಗೆ" ಎಂದರು. ಆ ಕೌದಿಯ ಬಿಸಿ ಇವತ್ತಿಗೂ ಮರೆತಿಲ್ಲ.

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಈ ಕಡೆ ಯಾವ ಊರಿಗೆ ಹೋದರೂ ಹಳೆಯ ಮನೆಗಳಲ್ಲಿ ಒಂದಾದರೂ ಕೌದಿ ಇದ್ದೇ ಇರುತ್ತದೆ. ಹಳೆಯ ಸೀರೆ, ಪಂಚೆಗಳನ್ನು ಒಂದರ ಮೇಲೊಂದು ಹಾಸಿ, ದಪ್ಪ ಸೂಜಿಯಲ್ಲಿ ಉದ್ದಕ್ಕೂ ಪೋಣಿಸಿದಂತೆ ಹೊಲಿದರೆ ಕೌದಿ. ಅಜ್ಜಿ ಹೊಲಿಯುವಾಗ ಬಟ್ಟೆಯ ಮೇಲೆ ಒಂದೇ ಒಂದು ಗೆರೆ ಎಳೆದದ್ದು ನಾನು ನೋಡಿಲ್ಲ. ಮೊದಲ ಸಾಲು ಅಂಚಿನ ಪಕ್ಕ, ಎರಡನೆಯದು ಮೊದಲನೆಯದರಿಂದ ಒಂದು ಬೆರಳು ದೂರ. ಹೊಲಿದ ಸಾಲೇ ಮುಂದಿನ ಸಾಲಿಗೆ ದಾರಿ ತೋರಿಸುತ್ತದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಯೂ ಹೀಗೆಯೇ. ಅಲ್ಲಿ ಮುಸ್ಲಿಂ, ಹಿಂದೂ, ಕ್ರೈಸ್ತ ಸಿದ್ದಿಗಳು ಮೂವರೂ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಧಾರವಾಡದ ಕಸೂತಿಯಲ್ಲೂ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ, ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು. ಅಂದರೆ ನಮ್ಮ ನಾಡಿನ ಕೈಹೊಲಿಗೆಗೆ ಗೆರೆಯ ಹಂಗಿರಲಿಲ್ಲ. ಗೆರೆಯ ಕಷ್ಟ ಶುರುವಾದದ್ದು ನಾನು ಇದೇ ಕೆಲಸವನ್ನು ಮೆಷಿನ್ನಿನಲ್ಲಿ ಮಾಡಲು ಹೊರಟಾಗ.

ಕೈಬಿಟ್ಟು ಹೋದ ಮೊದಲ ಆರ್ಡರು

ಬ್ಲೌಸು, ಫಾಲು, ಚೂಡಿದಾರ ಹೊಲಿದು ಸಾಕಾಗಿತ್ತು. ಹೊಳಲ್ಕೆರೆಯಿಂದ ಒಬ್ಬರು ಮೊಮ್ಮಗುವಿಗೆ ಹೊದಿಕೆ ಕೇಳಿದಾಗ ಖುಷಿಯಿಂದ ಒಪ್ಪಿಕೊಂಡೆ. ಕೆನೆಬಣ್ಣದ ಬಟ್ಟೆ, ಒಳಗೆ ತೆಳು ಹತ್ತಿ, ಕೆಳಗೆ ಹಳೆಯ ಮೆತ್ತನೆ ಸೀರೆ. ಮೇಲೆ ಸ್ಟೆನ್ಸಿಲ್ ಇಟ್ಟು, ನೀರಿಗೆ ಹೋಗುತ್ತದೆ ಎನ್ನುವ ನೀಲಿ ಪೆನ್ನಿನಲ್ಲಿ ಎಲೆ ಬಳ್ಳಿ ಬರೆದುಕೊಂಡೆ. ಹೊಲಿಯುವಾಗ ಸೂಜಿಯ ತುದಿಯನ್ನೇ ದಿಟ್ಟಿಸಿ ನೋಡುತ್ತಾ, ಗೆರೆ ಒಂದು ಕೂದಲು ತಪ್ಪಿದರೂ ಬಟ್ಟೆಯನ್ನು ಎಳೆದು ಎಳೆದು ಸರಿ ಮಾಡಿದೆ. ಮುಗಿದ ಮೇಲೆ ಚೆನ್ನಾಗಿ ಕಾಣಲಿ ಎಂದು ಇಸ್ತ್ರಿ ಹಾಕಿದೆ. ಆಮೇಲೆ ತೊಳೆದೆ. ಗೆರೆ ಹೋಗಲಿಲ್ಲ. ಕಾವಿಗೆ ಅದು ಬಟ್ಟೆಯಲ್ಲೇ ನಿಂತುಬಿಟ್ಟಿತ್ತು. ಒಂದು ಕಡೆ ಗೆರೆ, ಇನ್ನೊಂದು ಕಡೆ ನಡುಗಿದ ಹೊಲಿಗೆ, ಎರಡೂ ಅಕ್ಕಪಕ್ಕ ನಿಂತು ನನ್ನ ತಪ್ಪನ್ನು ಲೆಕ್ಕ ಹೇಳುತ್ತಿದ್ದವು. ಬಟ್ಟೆ, ಹತ್ತಿ, ನೂಲು ಎಲ್ಲದರ ಖರ್ಚು ನನ್ನ ತಲೆಗೇ ಬಂತು. ಆ ಹೊದಿಕೆ ಈಗಲೂ ನಮ್ಮ ಮನೆಯಲ್ಲೇ ಇದೆ.

ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿ ಒಂದು ಮಾತು ಹೇಳಿದರು: "ಸೂಜಿ ನೋಡ್ತಾ ಕುಂತ್ರೆ ಹೆಂಗವ್ವ? ಗಾಡಿ ಹೊಡಿಯೋನು ಎತ್ತಿನ ಗೊರಸು ನೋಡ್ತಾನಾ, ದಾರಿ ನೋಡ್ತಾನಾ?" ಮೆಷಿನ್ ಮುಟ್ಟದ ಅಜ್ಜಿ ಹೇಳಿದ ಆ ಮಾತೇ ಮೆಷಿನ್ ಹೊಲಿಗೆಯ ಅರ್ಧ ಪಾಠ.

ಪೆನ್ನು ನಿಂತು ಕಾಗದ ಓಡಿದ ಹಾಗೆ

ಮಾಮೂಲಿ ಹೊಲಿಗೆಯಲ್ಲಿ ಬಟ್ಟೆಯನ್ನು ಮುಂದೆ ತಳ್ಳುವುದು ಸೂಜಿಯ ಕೆಳಗಿರುವ ಹಲ್ಲುಗಳು. ನಾವು ದಾರಿ ತೋರಿಸಿದರೆ ಸಾಕು. ಎಲೆ, ಹೂ, ಬಳ್ಳಿ ಹೊಲಿಯಬೇಕಾದರೆ ಬಟ್ಟೆ ಎಲ್ಲ ದಿಕ್ಕಿಗೂ ತಿರುಗಬೇಕು. ಅದಕ್ಕೆ ಆ ಹಲ್ಲುಗಳನ್ನು ಕೆಳಗಿಳಿಸಬೇಕು, ಇಳಿಯದ ಮೆಷಿನ್ನಿನಲ್ಲಿ ಮೇಲೊಂದು ತಗಡು ಮುಚ್ಚಬೇಕು. ಮಾಮೂಲಿ ಪಾದ ತೆಗೆದು ಡಾರ್ನಿಂಗ್ ಪಾದ ಹಾಕಬೇಕು. ನಮ್ಮ ಊರುಗಳ ಎಂಬ್ರಾಯಿಡರಿಯವರು ಪಾದವನ್ನೇ ತೆಗೆದು, ಬಟ್ಟೆಗೆ ರಿಂಗ್ ಹಾಕಿ, ಕಾಲುಮೆಷಿನ್ನಿನಲ್ಲೇ ಹೂ ತೆಗೆಯುತ್ತಾರಲ್ಲ, ಅದೇ ಕೆಲಸ ಇದು. ಬಟ್ಟೆ ಮಾತ್ರ ಒಂದು ಪದರದ ಬದಲು ಮೂರು ಪದರ.

ಒಂದು ಎಚ್ಚರಿಕೆ: ಪಾದ ಇಲ್ಲದಿದ್ದರೂ ಪಾದದ ಹಿಡಿಯನ್ನು ಕೆಳಗಿಳಿಸಲೇಬೇಕು. ಇಳಿಸದಿದ್ದರೆ ಮೇಲಿನ ನೂಲಿಗೆ ಬಿಗಿ ಸಿಗುವುದಿಲ್ಲ, ಕೆಳಗೆ ನೂಲು ಗೂಡು ಕಟ್ಟುತ್ತದೆ.

ಮದರಂಗಿ ಹಾಕಿ ಗೊತ್ತಿರುವ ಹುಡುಗಿಯರಿಗೆ ಇದನ್ನು ಹೇಳಿಕೊಡುವುದು ಸುಲಭ. ಅಲ್ಲಿ ಕೈ ನಿಂತಿರುತ್ತದೆ, ಕೋನ್ ಓಡುತ್ತದೆ. ಇಲ್ಲಿ ಕೋನ್ ನಿಂತಿರುತ್ತದೆ, ಕೈ ಓಡುತ್ತದೆ. ಹೊಲಿಗೆ ಉದ್ದವೋ ಗಿಡ್ಡವೋ ಎನ್ನುವುದನ್ನು ಈಗ ಮೆಷಿನ್ ಹೇಳುವುದಿಲ್ಲ. ಕಾಲಿನ ವೇಗ, ಕೈಯ ವೇಗ ಎರಡೂ ಸೇರಿ ಹೇಳುತ್ತವೆ. ಕಾಲು ಜೋರಾಗಿ ಕೈ ನಿಧಾನವಾದರೆ ಹೊಲಿಗೆ ಮುದ್ದೆಯಾಗುತ್ತದೆ. ಕೈ ಜೋರಾಗಿ ಕಾಲು ನಿಧಾನವಾದರೆ ಹೊಲಿಗೆ ಉದ್ದವಾಗಿ ಸೂಜಿ ಬಾಗುತ್ತದೆ, ಮುರಿಯುವುದೂ ಉಂಟು. ಒಂದು ಇಂಚಿಗೆ 8ರಿಂದ 10 ಹೊಲಿಗೆ ಬಂದರೆ ನೋಡಲು ಚೆಂದ. ಸೂಜಿ 14 ಅಥವಾ 16 ನಂಬರಿನದು ಇರಲಿ.

ಕಣ್ಣು ಎಲ್ಲಿರಬೇಕು?

ಸೂಜಿ ಈಗ ಚುಚ್ಚುತ್ತಿರುವ ಜಾಗ ಆಗಲೇ ಮುಗಿದ ಜಾಗ. ಅಲ್ಲಿ ಕಂಡ ತಪ್ಪನ್ನು ತಿದ್ದಲು ಹೋದರೆ ಕೈ ಜಗ್ಗುತ್ತದೆ, ಗೆರೆ ಹಲ್ಲುಹಲ್ಲಾಗುತ್ತದೆ. ಕಣ್ಣು ಸೂಜಿಗಿಂತ ಅರ್ಧ ಇಂಚು ಮುಂದಿನ ಗೆರೆಯ ಮೇಲಿರಬೇಕು. ಸೈಕಲ್ ಕಲಿಯುವಾಗ ಮುಂದಿನ ಚಕ್ರ ನೋಡಿದವರು ಬೀಳುತ್ತಾರೆ, ರಸ್ತೆ ನೋಡಿದವರು ಹೋಗುತ್ತಾರೆ. ಇದೂ ಹಾಗೆಯೇ.

ಗೆರೆ ತಪ್ಪಿತು ಎಂದಿಟ್ಟುಕೊಳ್ಳಿ. ತಟ್ಟನೆ ಎಳೆಯಬೇಡಿ. ಮುಂದಿನ ಒಂದು ಇಂಚಿನಲ್ಲಿ ನಿಧಾನಕ್ಕೆ ಗೆರೆಗೆ ಮರಳಿ. ಬಳ್ಳಿಯ ಬಾಗು ನುಣುಪಾಗಿದ್ದರೆ ಗೆರೆ ಅಳಿಸಿದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಮೂಲ ಗೆರೆ ಎಲ್ಲಿತ್ತು ಎಂದು ಗೊತ್ತಿರುವುದು ನಿಮಗೊಬ್ಬರಿಗೇ. ಜಗ್ಗಿ ತಿದ್ದಿದ ಮೂಲೆ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ.

ನಿಲ್ಲುವ ಜಾಗವೂ ಮುಖ್ಯ. ಬಾಗಿನ ನಡುವೆ ನಿಂತರೆ ಅಲ್ಲೊಂದು ಗಂಟು ಕಾಣುತ್ತದೆ. ಎಲೆಯ ತುದಿಯಲ್ಲೋ, ಎರಡು ಗೆರೆ ಸೇರುವಲ್ಲೋ ನಿಲ್ಲಿ. ಕಾಲುಮೆಷಿನ್ ಆದರೆ ಚಕ್ರವನ್ನು ಕೈಯಲ್ಲಿ ತಿರುಗಿಸಿ ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ, ಆಮೇಲೆ ಕೈ ಬದಲಿಸಿಕೊಳ್ಳಿ. ಶುರು ಮಾಡುವ ಮುನ್ನ ಬಾಬಿನ್ ನೂಲನ್ನು ಮೇಲಕ್ಕೆ ಎಳೆದುಕೊಂಡು, ಮೂರು ನಾಲ್ಕು ಸಣ್ಣ ಹೊಲಿಗೆ ಹಾಕಿದರೆ ಬಿಚ್ಚುವುದಿಲ್ಲ.

ಸ್ಟೆನ್ಸಿಲ್ಲಿನಲ್ಲಿ ಇನ್ನೊಂದು ವಿಷಯ ಇದೆ. ರಂಗೋಲಿ ಅಚ್ಚಿನಲ್ಲಿರುವಂತೆ ಅಲ್ಲಲ್ಲಿ ಸೇತುವೆ ಬಿಟ್ಟಿರುತ್ತಾರೆ, ಇಲ್ಲದಿದ್ದರೆ ಅಚ್ಚು ತುಂಡಾಗುತ್ತದೆ. ಅಷ್ಟು ಜಾಗದಲ್ಲಿ ಗೆರೆ ಬೀಳುವುದಿಲ್ಲ. ಹೊಸಬರು ಅಲ್ಲಿ ತಡವರಿಸುತ್ತಾರೆ. ಅಚ್ಚು ಎತ್ತಿದ ಕೂಡಲೇ ಆ ಕಿಂಡಿಗಳನ್ನು ಕೈಯಲ್ಲೇ ಸೇರಿಸಿ. ಆಮೇಲೆ ಹೊಲಿಯದೆ ಬರೀ ಬೆರಳಲ್ಲಿ ಇಡೀ ಗೆರೆಯ ಮೇಲೆ ಒಮ್ಮೆ ಹೋಗಿ ಬನ್ನಿ. ಎಲ್ಲಿಂದ ಹೊರಟು ಎಲ್ಲಿಗೆ ಬರಬೇಕು, ಎಲ್ಲಿ ನೂಲು ಕತ್ತರಿಸಬೇಕು ಎನ್ನುವುದು ಬೆರಳಿಗೆ ಗೊತ್ತಾದರೆ ಕೈಗೂ ಗೊತ್ತಾಗುತ್ತದೆ.

ಯಾವ ಗೆರೆ ಅಳಿಯುತ್ತದೆ?

ನಮ್ಮ ಎಂಬ್ರಾಯಿಡರಿಯವರ ಹಳೆಯ ದಾರಿ ಎಂದರೆ ಟ್ರೇಸಿಂಗ್ ಪೇಪರಿನ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಲ್ಲಿ ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ಬಣ್ಣದ ಪುಡಿಯನ್ನು ಬಟ್ಟೆಯಲ್ಲಿ ಅದ್ದಿ ಒರೆಸುವುದು. ಒಂದೇ ಕಾಗದ ಎಷ್ಟೋ ಸಲ ಬರುತ್ತದೆ. ಸೀಮೆಎಣ್ಣೆ ಆದ್ದರಿಂದ ಒಲೆಯ ಹತ್ತಿರ ಬೇಡ.

ಗಾಢ ಬಣ್ಣದ ಬಟ್ಟೆಗೆ ಬಿಳಿ ಸೀಮೆಸುಣ್ಣ, ಇಲ್ಲವೇ ಸವೆದ ಸಾಬೂನಿನ ಚೂರು ಸಾಕು. ಇವು ಬೇಗ ಉದುರುತ್ತವೆ. ಆದ್ದರಿಂದ ಇಡೀ ಹೊದಿಕೆಗೆ ಒಮ್ಮೆಲೇ ಗೆರೆ ಹಾಕದೆ, ಹೊಲಿಯುವಷ್ಟು ಜಾಗಕ್ಕೆ ಮಾತ್ರ ಹಾಕಿ. ನೀರಿಗೆ ಹೋಗುವ ಪೆನ್ನಾದರೆ ತೊಳೆಯುವ ಮುಂಚೆ ಇಸ್ತ್ರಿ ಬೇಡವೇ ಬೇಡ, ನನ್ನ ಪಾಡು ನೋಡಿದಿರಲ್ಲ. ಇಸ್ತ್ರಿಯ ಕಾವಿಗೆ ಮಾಯವಾಗುವ ಪೆನ್ನೂ ಇದೆ. ಅದರ ಗೆರೆ ವಿಪರೀತ ತಣ್ಣಗಾದರೆ ಮತ್ತೆ ಮೂಡಬಹುದು. ಒಂದು ಚೂರು ಬಟ್ಟೆಯಲ್ಲಿ ಬರೆದು, ಇಸ್ತ್ರಿ ಹಾಕಿ, ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ನಿಜ ಗೊತ್ತಾಗುತ್ತದೆ. ಯಾವ ಪೆನ್ನಾದರೂ ಸರಿ, ಆರ್ಡರಿನ ಬಟ್ಟೆಗೆ ಮುಟ್ಟಿಸುವ ಮೊದಲು ಅದೇ ಬಟ್ಟೆಯ ಚೂರಿನಲ್ಲಿ ನೋಡಿ.

ಗೆರೆಯ ಭಯವೇ ಬೇಡ ಎನ್ನುವವರಿಗೆ ಇನ್ನೊಂದು ದಾರಿ: ತೆಳು ಬಟರ್ ಪೇಪರಿನ ಮೇಲೆ ಚಿತ್ರ ಬರೆದು ಬಟ್ಟೆಗೆ ಪಿನ್ನು ಮಾಡಿ, ಕಾಗದದ ಮೇಲೆಯೇ ಹೊಲಿದು, ಆಮೇಲೆ ಕಾಗದ ಹರಿದು ತೆಗೆಯಿರಿ. ಸಣ್ಣ ಹೊಲಿಗೆ ಆದಷ್ಟೂ ಕಾಗದ ಸುಲಭವಾಗಿ ಬಿಡುತ್ತದೆ.

ಮೂರು ಪದರ ಜರುಗದಂತೆ ಒಂದೊಂದು ಅಂಗೈ ದೂರಕ್ಕೆ ಸೇಫ್ಟಿ ಪಿನ್ನು ಹಾಕಿ, ನಡುವಿನಿಂದ ಹೊರಕ್ಕೆ ಹೊಲಿಯುತ್ತಾ ಬನ್ನಿ. ಅಂಚಿನಿಂದ ಒಳಕ್ಕೆ ಬಂದರೆ ಮೆಷಿನ್ನಿನಲ್ಲಿ ನಡುವೆ ಬಟ್ಟೆ ಉಬ್ಬಿ ಸುಕ್ಕಾಗುತ್ತದೆ. ಅಜ್ಜಿಯ ಐದು ಸೀರೆ ಮನೆಯ ಮೆಷಿನ್ನಿಗೆ ಭಾರ, ಎರಡು ಮೂರು ಸಾಕು. ನೂಲು ಬಟ್ಟೆಯ ಬಣ್ಣದ್ದೇ ಆದರೆ ಕಲಿಯುವವರ ನಡುಕ ಅದರಲ್ಲೇ ಅಡಗುತ್ತದೆ.

ಹೊಲಿಗೆಯಿಂದ ಹೊಟ್ಟೆ ಹೊರೆಯುವವರಿಗೆ

ಕೇಂದ್ರ ಸರಕಾರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಇದೆ. ಮೆಷಿನ್ ಬಂದ ಮೇಲೆ ಏನು ಹೊಲಿಯುವುದು ಎನ್ನುವುದೇ ಪ್ರಶ್ನೆ. ಬ್ಲೌಸು ಹೊಲಿಯುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ತೀರಿಕೊಂಡ ತಾಯಿಯ ಸೀರೆಗಳನ್ನು ಚೆಂದದ ಹೊದಿಕೆ ಮಾಡಿಕೊಡುವವರು ಎಷ್ಟು ಜನ? ಅಂಥ ಸೀರೆ ಒಮ್ಮೆ ಕೆಟ್ಟರೆ ಮತ್ತೆ ಸಿಗುವುದಿಲ್ಲ. ಆದ್ದರಿಂದಲೇ ಮೊದಲ ತಿಂಗಳು ಹಳೆಯ ಪಂಚೆಯ ಹತ್ತಿಂಚಿನ ಚೌಕಗಳ ಮೇಲೆ ಕೈ ಪಳಗಿಸಿ, ಆಮೇಲೆ ಆರ್ಡರು ಹಿಡಿಯಿರಿ.

ಕಳೆದ ಚಳಿಗಾಲ ಉಮ್ಮ ಹಿರಿಯೂರಿಗೆ ಬಂದಿದ್ದರು. ಅವರದೇ ಎರಡು ಹಳೆಯ ಸೀರೆಯ ಹೊದಿಕೆ ಹೊದಿಸಿದೆ. ಬೆಳಿಗ್ಗೆ ಎದ್ದು ಬಳ್ಳಿಯ ಮೇಲೆ ಬೆರಳಾಡಿಸುತ್ತಾ, "ಇದಕ್ಕೆ ಗೆರೆ ಹಾಕಿದ್ದೆಯಾ?" ಎಂದು ಕೇಳಿದರು. ಹಾಕಿದ್ದೆ. ಎರಡು ಕಡೆ ತಪ್ಪಿಯೂ ಇದ್ದೆ. ಎಲ್ಲಿ ಎಂದು ಹುಡುಕಿದರೆ ನನಗೇ ಸಿಗಲಿಲ್ಲ.