ಅಂಚೆಯಣ್ಣ ರಜೆ ಹಾಕಿದರೆ?



ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯನ್ನು ಬಾಗಿಲಿಗೆ ತಂದುಕೊಟ್ಟವರು ಯಾರು? ಪಟ್ಟಣದವರಾದರೆ ಕಾಯಂ ಪೋಸ್ಟ್‌ಮ್ಯಾನ್ ಇರಬಹುದು. ಆದರೆ ಸಾಗರದ ಸಮೀಪ, ವರದಾ ನದಿ ಹುಟ್ಟುವ ವರದಮೂಲದ ಕಡೆಯ ಮಲೆನಾಡನ್ನು ನೋಡಿ. ಅಡಿಕೆ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ, ಮಳೆಗಾಲದಲ್ಲಿ ಕಾಲು ಜಾರುವ ದಾರಿ. ಇಂಥ ಹಳ್ಳಿಗಳಿಗೆ ಕಾಗದ ಹೊತ್ತು ತರುವವರು ಸಾಮಾನ್ಯವಾಗಿ ಗ್ರಾಮೀಣ ಡಾಕ್ ಸೇವಕರು.

ಹಿಂದೆ ಇವರಿಗೆ ಇ.ಡಿ. ನೌಕರರೆಂದು ಹೆಸರು, ಅಂದರೆ ಇಲಾಖೆಯ ಹೊರಗಿನವರು. ಇವರದೂ ಸರಕಾರಿ ಹುದ್ದೆಯೇ ಎಂದು ಸುಪ್ರೀಂ ಕೋರ್ಟು 1977ರಲ್ಲೇ ಹೇಳಿತ್ತು. 2001ರಲ್ಲಿ ಹೆಸರು ಬದಲಾಯಿತು, ಆದರೆ ಕಾಯಂ ನೌಕರರ ಸಾಲಿಗೆ ಸೇರಲಿಲ್ಲ. ದಿನಕ್ಕೆ ನಾಲ್ಕೈದು ಗಂಟೆಯ ಕೆಲಸವೆಂದು ಲೆಕ್ಕ. ಸಿಗುವುದು ಸಂಬಳವಲ್ಲ, ಭತ್ಯೆ. ತನಗೆ ಬೇರೆ ಆದಾಯವಿದೆ ಎಂದು ಸೇರುವಾಗಲೇ ಬರೆದುಕೊಡಬೇಕು. ಹಳ್ಳಿಯ ಪೋಸ್ಟ್‌ಮಾಸ್ಟರ್ ಆದವರು ಅಂಚೆ ಕಚೇರಿಗೆ ಜಾಗವನ್ನೂ ತಾವೇ ಕೊಡಬೇಕು. ಮನೆಯ ಜಗಲಿಯಲ್ಲೇ ಕಚೇರಿ ನಡೆಸುವ ಹೆಣ್ಣುಮಕ್ಕಳು ಎಷ್ಟೋ ಮಂದಿ. ಒಲೆಯ ಮೇಲೆ ಅನ್ನ, ಜಗಲಿಯಲ್ಲಿ ಗಿರಾಕಿ!

2018ರ ಮೇ 22ರಿಂದ ಇವರು ದೇಶದಾದ್ಯಂತ ಮುಷ್ಕರ ಹೂಡಿದರು. ಅದು ರಮಝಾನ್ ತಿಂಗಳು. ಹದಿನಾರು ದಿನ ಹಳ್ಳಿಗಳ ಅಂಚೆ ನಿಂತಿತು. ಕಮಲೇಶ್ ಚಂದ್ರ ಸಮಿತಿ 2016ರಲ್ಲೇ ಕೊಟ್ಟಿದ್ದ ವರದಿಗೆ ಕೇಂದ್ರ ಸರಕಾರ ಒಪ್ಪಿಗೆ ನೀಡಿದ್ದು ಆಗಲೇ. ಆ ವರ್ಷದ ಜುಲೈನಿಂದ ಅಂಚೆ ಹಂಚುವವರಿಗೆ ನಾಲ್ಕು ಗಂಟೆಗೆ ಕನಿಷ್ಠ 10,000 ರೂಪಾಯಿ, ಪೋಸ್ಟ್‌ಮಾಸ್ಟರಿಗೆ 12,000, ತುಟ್ಟಿಭತ್ಯೆ ಬೇರೆ. ಮಹಿಳೆಯರಿಗೆ ಆರು ತಿಂಗಳ ಹೆರಿಗೆ ರಜೆಯೂ ಬಂತು. ಇದು ಸಣ್ಣ ಗೆಲುವಲ್ಲ. ಆದರೂ 65ಕ್ಕೆ ನಿವೃತ್ತರಾದಾಗ ಇಲಾಖೆಯ ಕಾಯಂ ನೌಕರರಂಥ ಪಿಂಚಣಿ ಇಲ್ಲ.

ಬೆವರಾರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಬೋಧನೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಇಲ್ಲಿ ಬೆವರು ಎಷ್ಟು ಗಂಟೆಯದೆಂದು ಅಳೆಯುವುದೇ ಕಷ್ಟ. ಕಾಗದದ ಮೇಲಿನ ನಾಲ್ಕು ಗಂಟೆಗೆ ಗುಡ್ಡದ ದಾರಿ ಗೊತ್ತಿಲ್ಲ. 2018ರಲ್ಲಿ ಅಂಚೆ ಪೇಮೆಂಟ್ಸ್ ಬ್ಯಾಂಕು ಆರಂಭವಾದ ಮೇಲೆ ಮೊಬೈಲಿನಲ್ಲಿ ಬೆರಳಚ್ಚು ಪಡೆದು ಹಣ ಕೊಡುವ ಕೆಲಸವೂ ಸೇರಿದೆ. ನಡೆಯಲಾಗದ ವೃದ್ಧೆಗೆ, ವಿಧವೆಗೆ ಇದು ದೊಡ್ಡ ಉಪಕಾರ.

ಎಲ್ಲರಿಗಿಂತ ಕೆಳಗಿರುವವನು ‘ಬದಲಿ’. ಡಾಕ್ ಸೇವಕ ರಜೆ ಹೋಗುವಾಗ ತನ್ನ ಜವಾಬ್ದಾರಿಯಲ್ಲೇ ಬದಲಿಯನ್ನು ಒದಗಿಸುವ ಪದ್ಧತಿ ಬಹುಕಾಲದ್ದು. ಜ್ವರ ಬಂದವನೇ ಆಳು ಹುಡುಕಬೇಕು! ತಮ್ಮನೋ ಮಗನೋ ಚೀಲ ಹೆಗಲಿಗೇರಿಸುತ್ತಾನೆ. ಅವನಿಗೆ ಆ ದಿನಗಳ ಭತ್ಯೆ ಬಿಟ್ಟರೆ ನಾಳಿನ ಭರವಸೆಯಿಲ್ಲ.

ಮುಂದಿನ ತಿಂಗಳು ಪತ್ರಿಕೆ ತಂದವರು ಹೊಸಬರಾದರೆ, ಒಂದು ಲೋಟ ನೀರು ಕೊಟ್ಟು, ಹಳಬರ ಆರೋಗ್ಯ ಹೇಗಿದೆ ಎಂದು ಕೇಳಿ ನೋಡಿ.