ಲಿಯರ್ ದೊರೆಯಾದ ಗ್ಲೆಂಡಾ

ವಯಸ್ಸಾದ ನಟಿಗೆ ಅಜ್ಜಿಯ ಪಾತ್ರವೇ ಗತಿ ಎಂಬುದು ರಂಗಭೂಮಿಯ ಅಲಿಖಿತ ಶಾಸನ. ಅದನ್ನು ಗ್ಲೆಂಡಾ ಜಾಕ್ಸನ್ ಮುರಿದ ಬಗೆ ನನಗೆ ಇಂದಿಗೂ ಬೆರಗು.

1936ರಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಗಾರೆ ಕೆಲಸಗಾರನ ಮಗಳಾಗಿ ಹುಟ್ಟಿದ ಆಕೆ, ಔಷಧಿ ಅಂಗಡಿಯಲ್ಲಿ ದುಡಿದು ರಂಗಕ್ಕೆ ಬಂದವರು. ಎರಡು ಆಸ್ಕರ್ ಗೆದ್ದವರು. ಥ್ಯಾಚರ್ ಆಡಳಿತ ಸ್ವಾರ್ಥವನ್ನೇ ಸದ್ಗುಣವಾಗಿಸಿತೆಂದು ಸಿಡಿದೆದ್ದು, ನಟನೆ ತೊರೆದು 1992ರಲ್ಲಿ ಲೇಬರ್ ಪಕ್ಷದಿಂದ ಸಂಸತ್ತು ಪ್ರವೇಶಿಸಿದರು. ಇರಾಕ್ ಯುದ್ಧದ ವಿಚಾರದಲ್ಲಿ ತಮ್ಮದೇ ಪಕ್ಷದ ಪ್ರಧಾನಿ ಟೋನಿ ಬ್ಲೇರ್ ಅವರನ್ನು ವಿರೋಧಿಸಲೂ ಹಿಂಜರಿಯಲಿಲ್ಲ.

2015ರಲ್ಲಿ ಸಂಸತ್ತಿನಿಂದ ನಿವೃತ್ತಿ. ಮರುವರ್ಷ, 80ರ ಇಳಿವಯಸ್ಸಿನಲ್ಲಿ, ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ ಆಕೆ ಲಿಯರ್ ದೊರೆಯಾಗಿ ನಿಂತರು. ಇದೊಂದು ಗಿಮಿಕ್ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಶೇಕ್ಸ್‌ಪಿಯರನ ಕಾಲದಲ್ಲಿ ಹುಡುಗರೇ ಹೆಣ್ಣಾಗುತ್ತಿದ್ದರು. ಆಗ ಹೆಚ್ಚಿನ ಪ್ರೇಕ್ಷಕರು ಹುಬ್ಬೇರಿಸಲಿಲ್ಲ. ಮುಪ್ಪು ಆವರಿಸಿದಂತೆ ಗಂಡು-ಹೆಣ್ಣೆಂಬ ಗೆರೆ ಮಸುಕಾಗುತ್ತದೆ ಎಂಬುದು ಗ್ಲೆಂಡಾ ಅವರ ನಿಲುವಾಗಿತ್ತು. ನಾಟಕದ ಕೇಂದ್ರದಲ್ಲಿ ಹೆಣ್ಣನ್ನಿಡಲು ಸಮಕಾಲೀನ ನಾಟಕಕಾರರಿಗೆ ಮನಸ್ಸಿಲ್ಲವೆಂಬುದು ಅವರ ನಿರಂತರ ದೂರು.

ಹಾಗೆ ನೋಡಿದರೆ, ಆ ಲಿಯರ್ ಗೆಲುವೂ ಹೌದು, ಕೊರತೆಯ ಪ್ರದರ್ಶನವೂ ಹೌದು. ಹಿರಿಯ ನಟಿಯೊಬ್ಬಳು ತನ್ನ ಅಳತೆಯ ಪಾತ್ರಕ್ಕಾಗಿ ಗಂಡಸಿನ ಕಿರೀಟವನ್ನೇ ತೊಡಬೇಕಾಯಿತು. 2023ರ ಜೂನ್‌ನಲ್ಲಿ ಗ್ಲೆಂಡಾ ತೀರಿಕೊಂಡರು. ಅವರ ದೂರು ಇನ್ನೂ ಉತ್ತರಕ್ಕೆ ಕಾದಿದೆ.